ಬ್ಲೇಡಿನ ಡಬ್ಬಿ

ಎಂಬತ್ತರ ದಶಕದಲ್ಲಿ, ಗಂಡನ ಬ್ಯಾಂಕಿನ ವರ್ಗಾವಣೆಯಿಂದಾಗಿ ಧಾರವಾಡದ ಕಡೆಯಿಂದ ನಾಸಿಕ್‌ಗೆ ಬಂದೆವು. ನಮ್ಮ ಹಳ್ಳಿಯಲ್ಲಿ ಕಸವೆಂದರೆ ಹಿತ್ತಲ ತಿಪ್ಪೆ. ಸಿಪ್ಪೆ, ಬೂದಿ, ಸೆಗಣಿ ಎಲ್ಲ ಅಲ್ಲಿಗೇ, ಅಲ್ಲಿಂದ ಹೊಲಕ್ಕೆ. ಅದೇ ಬುದ್ಧಿಯಲ್ಲಿ ಇಲ್ಲಿಯೂ ಸಕಲವನ್ನೂ ಒಂದೇ ಬಕೆಟ್ಟಿಗೆ ತುಂಬಿ ಗೇಟಿನಾಚೆ ಇಡುತ್ತಿದ್ದೆ.

ಬೆಳಿಗ್ಗೆ ಒಬ್ಬಾಕೆ ಬರುತ್ತಿದ್ದಳು. ಹೆಗಲ ಮೇಲೆ ಲಾಸಲಗಾಂವ್ ಸಂತೆಯ ಹಳೆಯ ಈರುಳ್ಳಿ ಚೀಲ, ಕೈಯಲ್ಲಿ ಕಬ್ಬಿಣದ ಕೊಕ್ಕೆ. ಕೊಕ್ಕೆಯಿಂದ ಕೆದಕಿ, ಆಮೇಲೆ ಕೈ ಹಾಕಿ, ಮಾರಲು ಬರುವುದನ್ನೆಲ್ಲ ಆರಿಸುತ್ತಿದ್ದಳು.

ಒಂದು ದಿನ ನೋಡಿದರೆ ಗೇಟಿನ ಮುಂದೆಲ್ಲ ನಮ್ಮ ಕಸ ಚೆಲ್ಲಾಪಿಲ್ಲಿ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಹರಕುಮುರುಕು ಹಿಂದಿಯಲ್ಲಿ ಬೈಯುತ್ತಾ ಹೋದೆ. ಆಕೆ ಅಂಗೈ ಚಾಚಿದಳು. ರಕ್ತ ಸುರಿಯುತ್ತಿತ್ತು. ಆಲೂಗಡ್ಡೆ ಸಿಪ್ಪೆಯೊಳಗೆ ನನ್ನ ಗಂಡನ ಗಡ್ಡದ ಬ್ಲೇಡು.

“ಬೈರಿ ಅಕ್ಕಾರ,” ಎಂದಳು, ನಮ್ಮ ಕಡೆಯ ಕನ್ನಡದಲ್ಲೇ; ಕೂಲಿ ಹುಡುಕಿ ಆ ಕಡೆಯಿಂದಲೇ ಬಂದವಳು, ನನ್ನ ಹಿಂದಿಯ ಧಾಟಿಯಲ್ಲೇ ಊರು ಗುರುತಿಸಿದ್ದಳು. “ಆದ್ರ ಬ್ಲೇಡ್ ಬ್ಯಾರೆ ಇಡ್ರಿ. ಈ ಕೈ ಕೆಟ್ರ ನಮ್ಮನ್ಯಾಗ ಒಲಿ ಹತ್ತಂಗಿಲ್ಲ.”

ನಾಚಿಕೆಯಿಂದ ನೆಲಕ್ಕಿಳಿದೆ. ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ. ಎಂಟು ದಿನ ಆಕೆ ಬರಲಿಲ್ಲ, ನನಗೆ ಅನ್ನ ಸೇರಲಿಲ್ಲ. ಬ್ಲೇಡಿಗೊಂದು ಪೌಡರ್ ಡಬ್ಬಿ, ಹಸಿ ಕಸಕ್ಕೊಂದು ಬಕೆಟ್, ಒಣ ಕಸಕ್ಕೊಂದು ಬಕೆಟ್ ಮಾಡಿದೆ.

ಒಂಬತ್ತನೆಯ ದಿನ ಬಂದಳು. ಡಬ್ಬಿ ತೋರಿಸಿದೆ. ತಲೆಯಾಡಿಸಿ, ಮೊದಲಿಗಿಂತ ಹೆಚ್ಚು ಹೊತ್ತು ಕೊಕ್ಕೆಯಾಡಿಸಿದಳು. ನಂಬಲಿಲ್ಲ ಪುಣ್ಯಾತ್ಗಿತ್ತಿ!

ನಾನು ಮೆಟ್ಟಿಲ ಮೇಲೆ ಕೂತು ಆಕೆಯ ಕೆಲಸ ನೋಡುವುದು ಕ್ರಮೇಣ ರೂಢಿಯಾಯಿತು. ಪ್ಲಾಸ್ಟಿಕ್ಕನ್ನು ಉಗುರಿನಿಂದ ತಟ್ಟಿ, ಸದ್ದಿನಿಂದಲೇ ಜಾತಿ ಹೇಳುತ್ತಿದ್ದಳು. ಬಾಟಲಿ ತೊಳೆದು ಮತ್ತೆ ತುಂಬುತ್ತಾರಂತೆ, ರದ್ದಿ ಅರೆದು ರಟ್ಟು ಮಾಡುತ್ತಾರಂತೆ, ತಗಡು ಕರಗಿಸುತ್ತಾರಂತೆ. ಆಕೆಯ ಚೀಲದಿಂದ ಭಂಗಾರ್ ಎನ್ನುವ ಗುಜರಿ ಅಂಗಡಿಗೆ, ಅಲ್ಲಿಂದ ಲಾರಿಯಲ್ಲಿ ಆಕೆ ಕಂಡಿರದ ಊರುಗಳ ಕಾರ್ಖಾನೆಗೆ. ದೇಶದ ಊರೂರಲ್ಲೂ ಇಂಥ ಕೈಗಳು. ಆದೇಶವಿಲ್ಲ, ಫೈಲಿಲ್ಲ, ಆದರೂ ಒಂದು ಮುಚ್ಚಳವೂ ದಾರಿ ತಪ್ಪುವುದಿಲ್ಲ. ಗಂಡ ಕೇಳಿ ನಕ್ಕರು: “ನಮ್ಮ ಬ್ಯಾಂಕಿನ್ಯಾಗ ಒಂದು ಕಾಗದ ಟೇಬಲ್ ದಾಟಾಕ ತಿಂಗಳ ಬೇಕು.” ಆಕೆಯ ಮೇಲೆ ನನಗೆ ಹೊಟ್ಟೆಕಿಚ್ಚಿನಷ್ಟು ಅಭಿಮಾನ ಬಂತು.

ಮೂರು ವರ್ಷದ ಮೇಲೆ ಔರಂಗಾಬಾದಿಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆಯೂ ಆಕೆ ಬಂದಳು. ಅಷ್ಟು ದಿನವೂ ಮೊದಲು ಆಡಿಸುತ್ತಿದ್ದ ಕೊಕ್ಕೆಯನ್ನು ಅಂದು ಗೇಟಿಗೆ ಸಿಕ್ಕಿಸಿದಳು. “ಅಲ್ಲಿ ನೀರ ಹೆಂಗೈತ್ರಿ?” ಎಂದು ನನ್ನ ಮುಖವನ್ನೇ ನೋಡಿ ಕೇಳುತ್ತಾ, ಗಾಯದ ಗುರುತಿದ್ದ ಆ ಕೈಯನ್ನು ಮೊಣಕೈವರೆಗೆ ಬಕೆಟ್ಟಿಗೆ ಇಳಿಸಿದಳು.

ಆಕೆ ಕೆಳಗೆ ನೋಡಲೇ ಇಲ್ಲ.