ನೀಲಿ ಪಟ್ಟಿ ತುಂಬುವ ತನಕ

ಗುಂಡ್ಲುಪೇಟೆಯ ಮನೆಯಲ್ಲೇ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಸುಧಾಮಣಿ ವಿಂಡೋಸ್ ತೊಂಬತ್ತೆಂಟರ ಸಿ.ಡಿ.ಗಾಗಿ ತಿಂಗಳುಗಟ್ಟಲೆ ಕಾದಿದ್ದಳು. ಅದು ಮೈಸೂರಿನಿಂದ ಬರುವ ಹೊತ್ತಿಗೆ ಅವಳು ತುಂಬಿದ ಬಸುರಿ. ಮೈನ್ ಸ್ವಿಚ್ಚನ್ನು ಯಾರೂ ಮುಟ್ಟದಂತೆ ಅತ್ತೆ ರಾಚಮ್ಮನನ್ನು ಬಾಗಿಲಲ್ಲಿ ಕಾವಲು ಕೂರಿಸಿ ಇನ್‌ಸ್ಟಾಲ್ ಮಾಡತೊಡಗಿದಳು. ಪರದೆಯ ಮೇಲಿನ ನೀಲಿ ಪಟ್ಟಿ ಮುಂದಕ್ಕೇ ಹೋಗಲೊಲ್ಲದು.

ಪಕ್ಕದ ಮನೆಯ ಕುಮಾರಿ ಬಂದು, "ಸುಧಕ್ಕ ಎಲ್ಲವ್ಳೆ?" ಎಂದಳು.

"ಒಳಗವ್ಳೆ. ಸದ್ದು ಮಾಡ್ಬ್ಯಾಡ ಕಣಮ್ಮಿ, ಇನ್ನೇನು ಬಂದ್ಬುಡ್ತದೆ," ಅಂದಳು ರಾಚಮ್ಮ.

ಕುಮಾರಿ ಒಂದೇ ಉಸಿರಿಗೆ ಓಡಿ ಸೂಲಗಿತ್ತಿ ಮೂಗಮ್ಮನನ್ನು ಎಳೆದು ತಂದಳು. ಅಷ್ಟರಲ್ಲಿ ಒಳಗಿನಿಂದ, "ಅತ್ತೆ, ಬಂತು!" ಎಂಬ ಕೂಗು ಕೇಳಿಸಿತು. ಮೂಗಮ್ಮ ಹಳೇ ಸೀರೆ ಹಿಡಿದು ಒಳನುಗ್ಗಿದಳು.

"ಗಂಡೋ, ಹೆಣ್ಣೋ?"

"ತೊಂಬತ್ತೆಂಟು!" ಎಂದಳು ಸುಧಾಮಣಿ, ಪರದೆಯಿಂದ ಕಣ್ಣು ಕೀಳದೆ.

ಮೂಗಮ್ಮ ಏದುಸಿರು ಬಿಡುತ್ತ ಕುರ್ಚಿ ಎಳೆದುಕೊಂಡು ಕೂತಳು. "ಓಡ್ಬಂದಿದ್ದಕ್ಕೆ ನಂಗೂ ಒಸಿ ತೋರ್ಸವ್ವ."