ಒಂದೇ ಹೆಸರಿನ ಎರಡು ಚೀಲ

ಮಗಳು ಶಾಲೆಗೆ ಸೇರುವ ಹಿಂದಿನ ದಿನ ಅವಳ ಚೀಲದ ಮೇಲೆ ಹೆಸರು ಬರೆಯೋಣವೆಂದು ಹೊಸ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು. "ಅಮ್ಮಾ, ವೈ ಡಿಡ್ ಯು ಸ್ಟಾಪ್?" ಎಂದಳು ಮಗಳು. ಮೊದಲ ಅಕ್ಷರವಷ್ಟೇ ಬಿದ್ದಿತ್ತು. ಉಳಿದದ್ದನ್ನು ಅವಳಪ್ಪನಿಗೆ ಬರೆಯಲು ಹೇಳಿ ಹೊರಗೆ ಬಂದೆ. ಕ್ರೈಸ್ಟ್‌ಚರ್ಚಿನ ನಮ್ಮ ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆದೆ. ಎಲ್ಲಿಗೂ ಹೋಗಬೇಕಿರಲಿಲ್ಲ, ಆದರೆ ನಿಲ್ಲಲೂ ಆಗುತ್ತಿರಲಿಲ್ಲ...

ಅದು ಆಂಟಿಯ ಬೆರಳುಗಳ ವಾಸನೆ.

ಆಂಟಿ ನಮ್ಮ ಕಡೆಯವರಲ್ಲ. ಈ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಪೈಕಿ, ಅರವತ್ತು ದಾಟಿದ ದಪ್ಪ ದನಿಯ ಹೆಂಗಸು. ಇಲ್ಲಿನ ಕನ್ನಡದವರ ಹಾಗೆಯೇ ಮಾವೊರಿಗಳೂ ಹಿರಿಯ ಹೆಂಗಸರನ್ನೆಲ್ಲ ಆಂಟಿ ಅನ್ನುವುದರಿಂದ ನನಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಅದೆಲ್ಲ ಮೈಸೂರು ಕನ್ನಡದಲ್ಲೇ ಕೇಳಿಸುತ್ತದೆ.

ಆಕ್ಲೆಂಡಿನಲ್ಲಿ ಓದು ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಅದು. ನ್ಯೂ ಲಿನ್ ರೈಲು ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಮನೆಯಿಲ್ಲದ ಮಾವೊರಿಗಳಿಗೆ ಮನೆ ಹುಡುಕಿಕೊಡುವ ಸಣ್ಣದೊಂದು ಸಂಸ್ಥೆ. ಬಾಗಿಲಿನ ಹತ್ತಿರದ ಮೇಜು ಆಂಟಿಯದು. ಅವರ ಬೆನ್ನ ಹಿಂದಿನ ಕೋಣೆಯ ತುಂಬ ಚೀಲಗಳು. ಬೀದಿಯಲ್ಲಿ ಮಲಗುವವರು ಇದ್ದದ್ದನ್ನೆಲ್ಲ ಹೊತ್ತು ತಿರುಗಲಾರದೆ ಅವರ ಹತ್ತಿರ ಬಿಟ್ಟುಹೋಗುತ್ತಿದ್ದರು. ಆಂಟಿ ಒಂದೊಂದಕ್ಕೂ ಟೇಪು ಅಂಟಿಸಿ, ದಪ್ಪ ಮಾರ್ಕರಿನಲ್ಲಿ ಹೆಸರು ಬರೆದು ಗೋಡೆಗೆ ಒರಗಿಸಿಡುತ್ತಿದ್ದರು.

ನನ್ನ ಮೇಜು ಒಳಗೆ, ಕಿಟಕಿಯ ಪಕ್ಕ. ನಮ್ಮದೇ ಪಟ್ಟಿ, ಚಳಿಗಾಲದ ತಂಗುಮನೆಯ ಪಟ್ಟಿ, ಬೀದಿ ಸುತ್ತುವ ವ್ಯಾನಿನವರ ನೋಟ್‌ಬುಕ್ಕು, ಇವು ಮೂರನ್ನೂ ಸೇರಿಸಿ ಯಾರು ಎಷ್ಟು ದಿನದಿಂದ ಕಾಯುತ್ತಿದ್ದಾರೆ ಎಂದು ಲೆಕ್ಕ ಹಾಕಿ ಕೊಡುವುದು ನನ್ನ ಕೆಲಸ. ಮನೆ ಖಾಲಿಯಾದರೆ ಆ ಪಟ್ಟಿಯ ಪ್ರಕಾರವೇ ಹಂಚಿಕೆ. ನಾನು ಬಂದಾಗ ಒಂದೇ ಹೆಸರು ಎರಡು ಕಡೆ, ಮೂರು ಕಡೆ ಇತ್ತು. ಹುಟ್ಟಿದ ದಿನ ಎಷ್ಟೋ ಜನರದ್ದು ಬರೆದೇ ಇರಲಿಲ್ಲ. ಹೆಸರೂ ಊರೂ ಒಂದೇ ಇದ್ದರೆ ಒಬ್ಬರೇ ಎಂದು ನಿಯಮ ಮಾಡಿಕೊಂಡೆ, ಕಂಪ್ಯೂಟರಿಗೆ ಹೇಳಿದೆ. ಪಟ್ಟಿ ಒಂದೇ ಮಧ್ಯಾಹ್ನದಲ್ಲಿ ಸಣ್ಣದಾಯಿತು. ಮ್ಯಾನೇಜರು ಎಲ್ಲರ ಎದುರು ಹೊಗಳಿದರು. ಆ ಸಂಜೆ ರೈಲಿನಲ್ಲಿ ಅಮ್ಮನಿಗೆ ಫೋನು ಮಾಡಿ ಹೇಳಿಕೊಂಡದ್ದೂ ನೆನಪಿದೆ.

ಆಮೇಲೊಂದು ವಾರ ಆಂಟಿ ಯಾರದೋ ಸಾವಿಗೆಂದು ಉತ್ತರದ ತಮ್ಮ ಊರಿಗೆ ಹೋದರು. ಅವರಲ್ಲಿ ಸಾವಿನ ಮನೆಯೆಂದರೆ ಮೂರು ದಿನ. ಬಾಗಿಲ ಮೇಜಿಗೆ ನನ್ನನ್ನು ಕೂರಿಸಿದರು. ಎರಡನೆಯ ದಿನ ಒಬ್ಬರು ಬಂದರು. ಐವತ್ತರ ಆಸುಪಾಸು, ನೆನೆದ ಉಣ್ಣೆ ಟೋಪಿ. ತಮ್ಮ ಸರದಿ ಎಲ್ಲಿಗೆ ಬಂತು ಎಂದು ಕೇಳಿದರು. ಹೆಸರು ಟೈಪ್ ಮಾಡಿ ನೋಡಿದೆ.

"ನಿಮಗೆ ಹೋದ ತಿಂಗಳೇ ಮನೆ ಸಿಕ್ಕಿದೆಯಲ್ಲ," ಅಂದೆ.

ಅವರು ಅಂಗೈ ಚಾಚಿದರು. "ಹೌದಾ? ಹಾಗಾದ್ರೆ ಅದರ ಬೀಗದ ಕೈ ಕೊಡಿ."

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ತಲೆಯಾಡಿಸಿ ಹೊರಟುಹೋದರು.

ಆಂಟಿ ವಾಪಸು ಬಂದ ದಿನ ಬೆಳಿಗ್ಗೆ ಇದನ್ನೊಂದು ವಿಚಿತ್ರ ಸಂಗತಿ ಎನ್ನುವ ಹಾಗೆ ಹೇಳಿದೆ. ಅವರು ಎದ್ದು ಒಳಗೆ ಹೋಗಿ ಒಂದು ಹಸಿರು ಚೀಲ ತಂದು ನನ್ನ ಕೀಬೋರ್ಡಿನ ಮೇಲೆಯೇ ಇಟ್ಟರು. ಟೇಪಿನ ಮೇಲೆ ಅದೇ ಹೆಸರು.

"ಈ ಹೆಸರಿನ ಎರಡು ಚೀಲ ಇತ್ತು. ಮನೆ ಸಿಕ್ಕವನು ತನ್ನ ಚೀಲ ತಗೊಂಡು ಹೋದ. ಇದು ಯಾರದು, ಹೇಳು?"

ಅವರಿಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಒಬ್ಬನೇ ಅಜ್ಜನ ಹೆಸರು ಇಬ್ಬರಿಗೂ ಇಟ್ಟಿದ್ದರು. ಊರೂ ಒಂದೇ. ನನ್ನ ನಿಯಮ ಇಬ್ಬರನ್ನೂ ಸೇರಿಸಿ ಒಬ್ಬನನ್ನಾಗಿ ಮಾಡಿತ್ತು. ಒಬ್ಬನಿಗೆ ಮನೆ ಸಿಕ್ಕ ಕೂಡಲೇ ಇನ್ನೊಬ್ಬನೂ ಪಟ್ಟಿಯಿಂದ ಹೋಗಿದ್ದ.

ಅವತ್ತಿನಿಂದ ಹುಡುಕಾಟ ಶುರುವಾಯಿತು. ಆಂಟಿಯ ಹಳೇ ಕಾರಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಆಫೀಸು ಮುಗಿದ ಮೇಲೆ. ಲೈಬ್ರರಿ, ರೈಲು ನಿಲ್ದಾಣ, ಸೇತುವೆಯ ಕೆಳಗೆ, ಪಾರ್ಕಿನ ಶೌಚಾಲಯಗಳ ಹಿಂದೆ. ನನಗೆ ನಿದ್ದೆ ಬರುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಬೈದುಬಿಟ್ಟರೆ ಸಾಕಿತ್ತು. ಆಂಟಿ ಬೈಯಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಒಮ್ಮೆ ಕೇಳಿದರು: "ನಿನ್ನ ಹೆಸರು ಯಾರದು?"

ನಮ್ಮಜ್ಜಿಯದು, ಅಂದೆ. ನಮ್ಮ ದೊಡ್ಡಪ್ಪನ ಮಗಳಿಗೂ ಅದೇ ಹೆಸರು. ಮನೆಯಲ್ಲಿ ಅವಳನ್ನು ದೊಡ್ಡಿ, ನನ್ನನ್ನು ಸಣ್ಣಿ ಎಂದು ಕರೆಯುತ್ತಿದ್ದರು. ಒಂದು ಸಲ ಸ್ಕೂಲಿನಲ್ಲಿ ನನ್ನ ಮಾರ್ಕ್ಸ್ ಕಾರ್ಡನ್ನು ಅವಳ ಕೈಗೆ ಕೊಟ್ಟರೆಂದು ನಾನು ಎರಡು ಹೊತ್ತು ಊಟ ಬಿಟ್ಟಿದ್ದೆ. ಇದನ್ನೆಲ್ಲ ಹೇಳಿದಾಗ ಆಂಟಿ, "ಮತ್ತೆ ನಿನಗೆ ಗೊತ್ತಿತ್ತಲ್ಲ, ಮಗಳೇ," ಅಂದರು. ಅಷ್ಟೇ. ಹಸಿರು ದೀಪ ಬಂತು...

ಒಂಬತ್ತನೆಯ ದಿನ ಆಕ್ಲೆಂಡಿನ ದಕ್ಷಿಣದಂಚಿನ ತಕಾನಿನಿಯಲ್ಲಿ ಸುಳಿವು ಸಿಕ್ಕಿತು. ಅಲ್ಲಿ ಆಗ ಹೊಸ ಮನೆಗಳು ಸಾಲುಸಾಲಾಗಿ ಏಳುತ್ತಿದ್ದವು. ಮೂಲೆಯ ದಿನಸಿ ಅಂಗಡಿಯವರು, ಉಣ್ಣೆ ಟೋಪಿಯವರೊಬ್ಬರು ದಿನಾ ಬೆಳಿಗ್ಗೆ ಬ್ರೆಡ್ಡು ಕೊಳ್ಳಲು ಬರುತ್ತಾರೆ, ಕಟ್ಟುತ್ತಿರುವ ಮನೆಗಳ ಕಡೆಯಿಂದ, ಅಂದರು. ಮಾರನೆಯ ದಿನ ಶನಿವಾರ. ಬೆಳಕು ಹರಿದ ಕೂಡಲೇ ಹೋದೆವು. ಇನ್ನೂ ಬಾಗಿಲು ಕೂರಿಸದ ಮನೆಯೊಂದರ ಹೊಸ್ತಿಲ ಮೇಲೆ ಕೂತು ಅವರು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಆಂಟಿ ಬಗ್ಗಿ, ಅವರಲ್ಲಿನ ಪದ್ಧತಿಯಂತೆ ಮೂಗಿಗೆ ಮೂಗು, ಹಣೆಗೆ ಹಣೆ ಮುಟ್ಟಿಸಿದರು. ಇಬ್ಬರೂ ಹಾಗೇ ಇದ್ದರು, ತುಂಬ ಹೊತ್ತು. ನಾನು ಚೀಲ ಹಿಡಿದು ಕೆಸರಿನಲ್ಲಿ ನಿಂತಿದ್ದೆ.

ತಪ್ಪಾಯಿತು, ಎಂದೆ. ಅವರು ಕೆಮ್ಮಿದರು. ಎದೆಯ ಆಳದಿಂದ ಬರುವ ಕೆಮ್ಮು.

"ನೀನು ಸ್ಕ್ರೀನ್ ನೋಡ್ಕೊಂಡು ಹೇಳ್ದೆ. ನನ್ನ ಮುಖ ನೋಡಿ ಹೇಳಿದ್ರೆ ಜಗಳ ಆಡ್ತಿದ್ದೆ."

ಆ ಕೆಮ್ಮಿಗೆ ಆಸ್ಪತ್ರೆ ಸೇರಿ ಎರಡು ವಾರ ಮಲಗಿದರು. ಅವರ ಪಾಲಿಗೆ ಬರಬೇಕಿದ್ದ ಮನೆ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಇನ್ನೊಂದು ಸಿಗುವಷ್ಟರಲ್ಲಿ ಚಳಿಗಾಲವೇ ಮುಗಿಯಿತು. ಮ್ಯಾನೇಜರಿಗೆ ಆಂಟಿ, "ನಮ್ಮ ಪಟ್ಟಿ ತಪ್ಪಿತ್ತು, ಸರಿ ಮಾಡ್ತಿದೀವಿ," ಎಂದಷ್ಟೇ ಹೇಳಿದರು. ತಪ್ಪು ನನ್ನದು ಎಂದು ನಾನು ಬಾಯಿಬಿಡಲಿಲ್ಲ. ಇವತ್ತಿನವರೆಗೂ ಬಿಟ್ಟಿಲ್ಲ.

ಆಮೇಲೆ ನಾನು ಸೇರಿಸಿದ್ದ ಹೆಸರುಗಳನ್ನೆಲ್ಲ ಇಬ್ಬರೂ ಕೂತು ಬಿಡಿಸಿದೆವು. ನಾನು ಒಂದೊಂದೇ ಹೆಸರು ಓದುವುದು, ಆಂಟಿ ಕಣ್ಣು ಮುಚ್ಚಿಕೊಂಡು "ಒಬ್ಬನೇ", "ಇವಳೂ ಒಬ್ಬಳೇ" ಅನ್ನುವುದು. ಒಂದು ಹೆಸರಿಗೆ ಅವರು ಕಣ್ಣು ತೆರೆದರು. "ಇದು ಇಬ್ಬರು. ತಾಯಿ, ಮಗಳು." ತಾಯಿ ಮನೆ ಸಿಕ್ಕಿ ದಕ್ಷಿಣಕ್ಕೆ ಹೋಗಿದ್ದರು. ಮಗಳ ಗುರುತು ವ್ಯಾನಿನವರ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಸಲ ಇತ್ತು. ತಾಯಿಗೆ ಫೋನು ಮಾಡಿದರೆ, ಜಗಳವಾಡಿಕೊಂಡು ಹೋದವಳು, ಎಲ್ಲಿದ್ದಾಳೋ ಗೊತ್ತಿಲ್ಲ, ಎಂದು ಅತ್ತರು. ಆಮೇಲೆ ಆ ನಂಬರಿಗೆ ಫೋನು ಹೋಗಲೇ ಇಲ್ಲ. ಆಂಟಿ ಆ ಮಗಳನ್ನು ನೋಡಿದ್ದರು. ಎರಡು ಸಲ ಬಂದಿದ್ದಳಂತೆ, ಎರಡು ಸಲವೂ ಬರೀ ಕಾಲುಚೀಲ ಕೇಳಿದಳಂತೆ. ಹುಬ್ಬಿನ ಮೇಲೆ ಗಾಯದ ಗುರುತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳಂತೆ. ನಮ್ಮಲ್ಲಿ ಚೀಲವನ್ನೇನೂ ಬಿಟ್ಟುಹೋಗಿರಲಿಲ್ಲ.

ಅವಳು ಸಿಗಲಿಲ್ಲ.

ಮುಂದಿನ ವರ್ಷ ಗಂಡನಿಗೆ ಕ್ರೈಸ್ಟ್‌ಚರ್ಚಿನಲ್ಲಿ ಕೆಲಸವಾಗಿ ಇಲ್ಲಿಗೆ ಬಂದೆವು. ತಿಂಗಳಿಗೊಮ್ಮೆ ಆಂಟಿಗೆ ಫೋನು ಮಾಡುತ್ತಿದ್ದೆ. "ಸಿಕ್ಕಳಾ ಆಂಟಿ?" ಎನ್ನುವುದೇ ನನ್ನ ಮೊದಲ ಮಾತು. "ಇನ್ನೂ ಇಲ್ಲ. ನೋಡ್ತಾ ಇದೀನಿ." ನಿವೃತ್ತರಾದ ಮೇಲೂ ಅದೇ ಉತ್ತರ, ಕಾಯಿಲೆ ಬಿದ್ದ ಮೇಲೂ ಅದೇ. ಮಗಳು ಹುಟ್ಟಿದ ಮೇಲೆ ನನ್ನ ಫೋನು ಎರಡು ತಿಂಗಳಿಗೆ, ಆರು ತಿಂಗಳಿಗೆ ಒಂದಾಯಿತು...

ಆಂಟಿ ತೀರಿಕೊಂಡ ಸುದ್ದಿ ತಿಳಿಸಿದವರು ಉಣ್ಣೆ ಟೋಪಿಯವರು. ಉತ್ತರದ ಆ ಊರನ್ನು ನಾನು ಮುಟ್ಟುವಾಗ ಮೂರನೆಯ ದಿನ. ಊರವರೆಲ್ಲ ಸೇರುವ ದೊಡ್ಡ ಮನೆಯಲ್ಲಿ, ಆಂಟಿ ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದರು. ಹತ್ತಿರ ಹೋಗಿ ಕೈ ಮುಟ್ಟಿದೆ. ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಟೋಪಿಯವರ ಪಕ್ಕ ಕೂತು, ಆ ಹುಡುಗಿಯ ವಿಷಯ ಆಂಟಿ ಏನಾದರೂ ಹೇಳಿದ್ದರಾ ಎಂದು ಕೇಳಿದೆ. ಅವರು ನನ್ನ ಕೈಗೂ ಒಂದು ಚಾಕು ಕೊಟ್ಟರು. "ಆಸ್ಪತ್ರೆಯಲ್ಲೂ ಕೇಳ್ತಿದ್ರು, ಹೊರಗೆ ಯಾರಾದ್ರೂ ಬಂದಿದ್ದಾರಾ ನೋಡು ಅಂತ. ನಿಮ್ಮ ಆಫೀಸಲ್ಲಿ ಅವಳನ್ನ ನೋಡಿದ್ದು ಅವರೊಬ್ಬರೇ ಅಲ್ವಾ?"

ಕ್ರೈಸ್ಟ್‌ಚರ್ಚಿನಲ್ಲಿಯೂ ನನ್ನ ಕೆಲಸ ಪಟ್ಟಿಗಳದ್ದೇ. ಮೊನ್ನೆ ಬಸ್ ನಿಲ್ದಾಣದಲ್ಲಿ ಒಬ್ಬಳು ಗೋಡೆಗೆ ಒರಗಿ ಕೂತಿದ್ದಳು. ಬಲ ಹುಬ್ಬಿನ ಮೇಲೆ ಹಳೆಯ ಗಾಯ. ನನ್ನ ಬಸ್ಸು ಬಂತು, ಹೋಯಿತು. ಹತ್ತಿರ ಹೋಗಿ ಹೆಸರು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಎದ್ದು ಹೊರಟುಬಿಟ್ಟಳು. ಹಿಂದೆಯೇ ನಾಲ್ಕು ಹೆಜ್ಜೆ ಹಾಕಿ ನಿಂತೆ. ಆಂಟಿ ಹೇಳಿದ್ದು ಬಲ ಹುಬ್ಬೋ, ಎಡ ಹುಬ್ಬೋ... ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಕೇಳೋಣವೆಂದರೆ ಅವರಿಲ್ಲ.