ಲಟಿಕೆ ಮುರಿಯುವವನ ಕೈ

ಆ ಬೀದಿಯ ಕ್ಷೌರಿಕನಿಗೆ ಕತ್ತರಿಗಿಂತ ಕೈಯಿಂದಲೇ ಹೆಸರು ಬಂದಿತ್ತು. ಕೂದಲು ಕತ್ತರಿಸಿ ಮುಗಿಸಿದ ಮೇಲೆ ಒಂದು ಕೈ ಗಲ್ಲಕ್ಕೆ, ಇನ್ನೊಂದು ತಲೆಯ ಹಿಂಬದಿಗೆ ಕೊಟ್ಟು, ಊರ ಸುದ್ದಿ ಹೇಳುತ್ತಲೇ ಚಟಕ್ಕನೆ ತಿರುಗಿಸಿ ಕತ್ತಿನ ಲಟಿಕೆ ಮುರಿಯುತ್ತಿದ್ದ. ಅದಕ್ಕೆಂದೇ ಬೋಳುತಲೆಯವರೂ ಅಂಗಡಿಗೆ ಬರುತ್ತಿದ್ದರು.

ಒಂದು ಬೆಳಿಗ್ಗೆ ಅವನ ಹೆಂಡತಿಯ ತಮ್ಮ ಬಂದ. ಮನೆಗಳಿಗೆ ಬಣ್ಣ ಬಳಿಯುವವನು. ಹಿಂದಿನ ದಿನ ಏಣಿಯಿಂದ ಜಾರಿ ಹಣೆ ಗೋಡೆಗೆ ಬಡಿದಿದ್ದರೂ, ಮೈ ಕೊಡವಿಕೊಂಡು ಎದ್ದು ಉಳಿದ ಕೆಲಸವನ್ನೂ ಮುಗಿಸಿದ್ದ. ಈಗ ತುಂಬಿದ ಕೊಡ ಹಿಡಿದಂತೆ ಎರಡೂ ಕೈಯಲ್ಲಿ ತಲೆ ಹಿಡಿದು ಕುರ್ಚಿಯಲ್ಲಿ ಕೂತ.

"ಭಾವ, ಕತ್ತು ಹಿಡ್ಕೊಂಡಿದೆ. ನಿಮ್ಮ ಕೈಚಳಕ ಸ್ವಲ್ಪ ತೋರ್ಸಿ."

"ಇಷ್ಟಕ್ಕೆಲ್ಲ ಮುಖ ಹುಳ್ಳಗೆ ಮಾಡ್ಕೋತಾರೇನೋ?" ಎನ್ನುತ್ತ ಕ್ಷೌರಿಕ ಅವನ ತಲೆಯನ್ನು ಕೊಂಚ ಮುಂದಕ್ಕೆ ಬಾಗಿಸಿದ.

"ಅಯ್ಯೋ! ಬೆನ್ನಿಂದ ಕಾಲಿನ ತನಕ ಕರೆಂಟ್ ಹೊಡೆದಂಗಾಯ್ತು!"

"ನರ ಬಿಗಿದಿದೆ ಅಷ್ಟೇ. ಒಂದೇ ಏಟಿಗೆ ಬಿಟ್ಟೋಗುತ್ತೆ." ಅವನ ಕೈ ಮತ್ತೆ ಗಲ್ಲಕ್ಕೆ ಹೋಯಿತು.

ಒಳಗೆ ಟವೆಲು ಮಡಿಸುತ್ತಿದ್ದ ಹೆಂಡತಿ ಚೀರಿದಳು. "ರೀ, ಕೈ ತೆಗೀರಿ! ಅವನ ಬೆರಳು ನಡುಗ್ತಿರೋದು ಕಾಣಲ್ವಾ?"

ಗಿರಾಕಿಗಳೆದುರು ಬೈಸಿಕೊಂಡ ಸಿಟ್ಟಿನಲ್ಲೇ ಕ್ಷೌರಿಕ ಹೆಂಡತಿ, ಭಾಮೈದನ ಜೊತೆ ಆಸ್ಪತ್ರೆಗೆ ಹೊರಟ. ಭಾಮೈದ ಮೆಟ್ಟಿಲನ್ನು ತಾನೇ ಹತ್ತಿದ. ಆದರೆ ಬಿದ್ದದ್ದು, ಕರೆಂಟ್ ಹೊಡೆದದ್ದು ಕೇಳಿದ್ದೇ ತಡ, ಡಾಕ್ಟರಮ್ಮ ಕುರ್ಚಿ ಬಿಟ್ಟೆದ್ದರು. "ಅಲ್ಲಾಡ್ಬೇಡಿ. ಹೂಂ ಅನ್ನೋಕೂ ತಲೆ ಆಡಿಸ್ಬೇಡಿ." ಗಟ್ಟಿ ಪಟ್ಟಿ ತರಿಸಿ ಕತ್ತಿಗೆ ಕಟ್ಟಿಸಿ ಮಲಗಿಸಿದರು. ತಮ್ಮ ಬೆರಳು ಕೊಟ್ಟು ಹಿಂಡಲು ಹೇಳಿದರು. ಬಲಗೈಯ ಹಿಡಿತ ಸಡಿಲ. ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆ ತಾಕಿಸಿದರೆ ಕಾಲು ಒದ್ದಂತೆ ಚಿಮ್ಮಿತು. ನಡುಬೆರಳ ಉಗುರನ್ನು ಚಿವುಟಿ ಬಿಟ್ಟರೆ ಹೆಬ್ಬೆರಳು ತಾನಾಗಿ ಒಳಕ್ಕೆ ಮಡಚಿಕೊಂಡಿತು. "ಇಷ್ಟು ಚಿಮ್ಮಬಾರದು, ಬೆನ್ನುಹುರಿಗೆ ಪೆಟ್ಟಾಗಿರ್ಬೇಕು," ಎಂದು ಸ್ಕ್ಯಾನಿಗೆ ಕಳಿಸಿದರು.

ಸ್ಕ್ಯಾನ್ ಬಂದ ಮೇಲೆ ಡಾಕ್ಟರಮ್ಮ ಕ್ಷೌರಿಕನನ್ನು ಹತ್ತಿರ ಕರೆದರು.

"ಕತ್ತಲ್ಲಿ ಏಳು ಎಲುಬು. ಎರಡನೇದ್ರಿಂದ ಮೇಲಕ್ಕೆ ಗೂಟದ ಥರ ಒಂದು ಚೂಪು ಇರುತ್ತೆ. ಅದರ ಸುತ್ತಾನೇ ತಲೆ ತಿರುಗೋದು. ಆ ಗೂಟ ಮುರಿದಿದೆ. ಅದರ ಹಿಂದೇನೇ ಬೆನ್ನುಹುರಿ."

"ಮುರಿದಿದೆಯಾ? ನಡ್ಕೊಂಡು ಬಂದ್ನಲ್ಲಮ್ಮಾ!"

"ಪುಣ್ಯ. ಯಾರಾದ್ರೂ ತಿರುಗಿಸಿದ್ದಿದ್ರೆ ಉಸಿರು ಅಲ್ಲೇ ನಿಂತುಹೋಗ್ತಿತ್ತು."

ಅವನು ತನ್ನ ಎರಡು ಅಂಗೈಗಳನ್ನೂ ನೋಡಿಕೊಂಡ. ಹೆಂಡತಿಯ ಮುಖ ನೋಡಲು ಧೈರ್ಯ ಬರಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಶಸ್ತ್ರಚಿಕಿತ್ಸೆಯಲ್ಲಿ ಸ್ಕ್ರೂ ಹಾಕಿ ಮೂಳೆ ಕೂಡಿಸಿದರು. ತಿಂಗಳುಗಳು ಕಳೆದು ಭಾಮೈದನ ಕೈಗೆ ಬಲ ಬಂತು. ಕತ್ತು ಮಾತ್ರ ಮೊದಲಿನಷ್ಟು ಹೊರಳಲಿಲ್ಲ. "ಇನ್ನು ಹಿಂದಿನಿಂದ ಕರೆದ್ರೆ ಇಡೀ ಮೈ ತಿರುಗಿಸ್ಬೇಕು ಭಾವ, ದೊಡ್ಡ ಮನುಷ್ಯರ ಥರ," ಎಂದು ನಕ್ಕ. ಕ್ಷೌರಿಕನಿಗೆ ನಗು ಬರಲಿಲ್ಲ.

ಲಟಿಕೆ ಮುರಿಯುವುದನ್ನು ಅವನು ಬಿಟ್ಟೇಬಿಟ್ಟ. ಆದರೂ ಇಷ್ಟು ವರ್ಷ ತಿರುಗಿಸಿದ ಕತ್ತುಗಳೆಲ್ಲ ನೆನಪಾಗುತ್ತಲೇ ಇದ್ದವು. ದಿನಾ ಸಂಜೆ ಅಂಗಡಿ ಮುಚ್ಚಿದವನೇ ಹಳೆಯ ಗಿರಾಕಿಗಳ ಬಾಗಿಲಿಗೆ ಹೋಗಿ, "ಕೈ ಜೋಮು ಹಿಡಿಯುತ್ತಾ? ನಡೆಯುವಾಗ ಕಾಲು ತಡವರಿಸುತ್ತಾ?" ಎಂದು ಕೇಳತೊಡಗಿದ. ಕೆಲವರು ಇವನಿಗೆ ತಲೆ ಕೆಟ್ಟಿದೆ ಎಂದು ನಕ್ಕರು. ಬ್ರೆಡ್ಡಿನಂಗಡಿಯ ಮುದುಕ ಮಾತ್ರ, "ಎಡಗೈ ಯಾವಾಗ್ಲೂ ಜೋಮೇ ಕಣಯ್ಯ," ಎಂದ. ಕ್ಷೌರಿಕ ಅವನಿಗೆ ಚಪ್ಪಲಿ ಹಾಕಿಕೊಳ್ಳಲೂ ಪುರುಸೊತ್ತು ಕೊಡದೆ ಡಾಕ್ಟರಮ್ಮನ ಬಳಿ ಕರೆದೊಯ್ದ.